ಗೋಂಬೆಯ ಹುತ್ತಗಳ ಮುಂದೆ: ಚಿಂಪಾಂಜಿಗಳು ಗೆದ್ದಲು ಹಿಡಿಯುವ ಬಗೆ

ಮೊದಲ ದಿನ: ಕಿಗೋಮಾದಿಂದ ಕಸಕೇಲಾ ದಡಕ್ಕೆ

ಗೋಂಬೆಗೆ ರಸ್ತೆ ಇಲ್ಲ. ಟಾಂಜಾನಿಯಾದ ಪಶ್ಚಿಮ ಅಂಚಿನಲ್ಲಿ, ಟ್ಯಾಂಗನಿಕಾ ಸರೋವರದ ದಡಕ್ಕೆ ಅಂಟಿಕೊಂಡಿರುವ ಈ ಪುಟ್ಟ ರಾಷ್ಟ್ರೀಯ ಉದ್ಯಾನಕ್ಕೆ ನೀರಿನ ಮೇಲೆಯೇ ಹೋಗಬೇಕು. ದಾರ್ ಎಸ್ ಸಲಾಮ್‌ನಿಂದ ಕಿಗೋಮಾದವರೆಗೆ ರೈಲೂ ಉಂಟು, ವಿಮಾನವೂ ಉಂಟು. ಕಿಗೋಮಾ ಪಟ್ಟಣದ ಉತ್ತರಕ್ಕೆ ಕಿಬಿರಿಜಿ ಎಂಬ ಹಳ್ಳಿ. ಸರೋವರದ ಊರುಗಳಿಗೆ ಜನ ಮತ್ತು ಸರಕು ಹೊತ್ತೊಯ್ಯುವ ಮರದ ದೋಣಿಗಳು ಅಲ್ಲಿಂದ ಮಧ್ಯಾಹ್ನ ಹೊರಡುತ್ತವೆ, ಗೋಂಬೆ ಮುಟ್ಟಲು ಮೂರು ತಾಸಿನ ಆಸುಪಾಸು. ನೆರಳೆಂಬುದು ಇರುವುದಿಲ್ಲ, ಟೋಪಿ ಮತ್ತು ನೀರು ಕೈಯಲ್ಲೇ ಇರಲಿ. ಬಾಡಿಗೆ ಮೋಟಾರು ದೋಣಿಯಾದರೆ ಒಂದು ತಾಸಿನೊಳಗೆ ಕೆಲಸ ಮುಗಿಯುತ್ತದೆ. ಬಟ್ಟೆ ಸುತ್ತಿಕೊಳ್ಳಲು ಪ್ಲಾಸ್ಟಿಕ್ ಚೀಲ ತರಬಾರದು, ಟಾಂಜಾನಿಯಾದಲ್ಲಿ 2019ರ ಜೂನ್‌ನಿಂದ ಅದಕ್ಕೆ ನಿಷೇಧವಿದೆ.

ದೋಣಿ ಉತ್ತರಕ್ಕೆ ಸಾಗಿದಂತೆ ಬಲಗಡೆಯ ಬೆಟ್ಟಗಳೆಲ್ಲ ಬೋಳು. ಸಾಗುವಳಿ, ಸೌದೆ, ಇದ್ದಿಲು ಎಲ್ಲವೂ ಆ ಇಳಿಜಾರಿನಿಂದಲೇ ಬಂದಿವೆ. ಒಂದು ಕಡೆ ಗೆರೆ ಎಳೆದಂತೆ ಕಾಡು ಶುರುವಾಗುತ್ತದೆ, ಅದೇ ಉದ್ಯಾನದ ಗಡಿ. ಸರೋವರದ ಮಟ್ಟ ಸಮುದ್ರಮಟ್ಟದಿಂದ ಸುಮಾರು 770 ಮೀಟರು. ಅಲ್ಲಿಂದ ಕೆಲವೇ ಕಿಲೋಮೀಟರಿನಲ್ಲಿ ನೆಲ 1,500 ಮೀಟರಿಗೂ ಮೇಲೇರುತ್ತದೆ. ಆ ಕಡಿದಾದ ಇಳಿಜಾರನ್ನು ಸೀಳಿಕೊಂಡು ಹತ್ತಾರು ತೊರೆಗಳು ಇಳಿಯುತ್ತವೆ. ಕಣಿವೆಯ ತಳದಲ್ಲಿ ದಟ್ಟ ಹಸಿರು ಕಾಡು, ಮೇಲಕ್ಕೆ ಹೋದಂತೆ ಬಿಡಿಬಿಡಿ ಮರ, ಏಣಿನಲ್ಲಿ ಬರೀ ಹುಲ್ಲು. ಚಿಂಪಾಂಜಿಗಳು ಗೆದ್ದಲು ಹಿಡಿಯಲು ಹುತ್ತದೊಳಗೆ ಇಳಿಸುವ ಕಡ್ಡಿಗೆ ಬೇಕಾದ ಗಿಡ ಒಂದು ಪಟ್ಟಿಯಲ್ಲಿ, ಹುತ್ತ ಇನ್ನೊಂದು ಪಟ್ಟಿಯಲ್ಲಿ ಇರಬಹುದಾದ್ದರಿಂದ ಈ ಮೂರು ಪಟ್ಟಿಗಳನ್ನು ನೆನಪಿಟ್ಟುಕೊಂಡರೆ ಮುಂದಿನ ದಿನಗಳಲ್ಲಿ ಕಾಣುವುದು ಸುಲಭವಾಗಿ ಅರ್ಥವಾಗುತ್ತದೆ.

ಉದ್ಯಾನದೊಳಗೆ ದೋಣಿ ನಿಲ್ಲುವ ದಡವಾದ ಕಸಕೇಲಾದಲ್ಲಿ ಇಳಿದ ಕೂಡಲೇ ನಿಯಮ ಹೇಳುತ್ತಾರೆ. ಚಿಂಪಾಂಜಿಯಿಂದ ಹತ್ತು ಮೀಟರ್ ದೂರ, ಗುಂಪಿನಲ್ಲಿ ಆರೇ ಜನ, ಒಂದು ತಾಸಿಗಿಂತ ಹೆಚ್ಚು ಹೊತ್ತು ಇಲ್ಲ, ಮುಖಕ್ಕೆ ಮಾಸ್ಕ್, 15 ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ನೆಗಡಿ ಕೆಮ್ಮು ಇದ್ದವರು ಬೆಟ್ಟ ಹತ್ತುವಂತೆಯೇ ಇಲ್ಲ. ಇದು ಕಾಗದದ ಮೇಲಿನ ಶಿಸ್ತಲ್ಲ. ನಮ್ಮ ನೆಗಡಿ ಚಿಂಪಾಂಜಿಗೆ ನ್ಯುಮೋನಿಯಾ ಆಗಬಲ್ಲದು. 1966ರಲ್ಲಿ ಇಲ್ಲಿ ಪೋಲಿಯೊ ಹರಡಿ ಹಲವು ಚಿಂಪಾಂಜಿಗಳು ಸತ್ತವು, ಇನ್ನು ಕೆಲವು ಊನವಾಗಿ ಬದುಕಿದವು. ಉಸಿರಾಟದ ರೋಗ ಆಮೇಲೂ ಮತ್ತೆ ಮತ್ತೆ ಬಂದಿದೆ. ಇಡೀ ಉದ್ಯಾನದಲ್ಲಿ ಉಳಿದಿರುವುದು ಸುಮಾರು ನೂರು ಪ್ರಾಣಿಗಳು. ಅವುಗಳಲ್ಲಿ ಒಂದು ತಾಯಿ ಸತ್ತರೂ ಮರಿಗೆ ಹುತ್ತದ ಮುಂದೆ ಕಲಿಸುವವರಿಲ್ಲ.

ದಡದ ಬಬೂನುಗಳ ಎದುರು ತಿಂಡಿ ತೆರೆಯದಿರುವುದು ಮತ್ತು ಕೋಣೆಯ ಬಾಗಿಲಿಗೆ ಚಿಲಕ ಹಾಕುವುದನ್ನು ಯಾರೂ ಎರಡನೇ ಸಲ ಹೇಳಿಸಿಕೊಳ್ಳಬೇಕಾಗುವುದಿಲ್ಲ.

ಎರಡನೇ ದಿನ: ಬಿಟ್ಟುಹೋದ ಕಡ್ಡಿಗಳು

ನಸುಕಿನಲ್ಲೇ ಜಾಡುಗಾರರು ಮುಂದೆ ಹೋಗಿರುತ್ತಾರೆ. ಹಿಂದಿನ ಸಂಜೆ ಚಿಂಪಾಂಜಿಗಳು ಗೂಡು ಕಟ್ಟಿದ ಮರ ಗೊತ್ತಿದ್ದರೆ ಅವು ಏಳುವ ಮೊದಲೇ ಅಲ್ಲಿರುತ್ತಾರೆ. ಗೊತ್ತಿಲ್ಲದಿದ್ದರೆ ಕೂಗಿಗೆ ಕಾಯಬೇಕು. ಆ ಬೆಳಿಗ್ಗೆ ಗುಂಪು ಕಕೋಂಬೆ ಕಣಿವೆಯಿಂದ ದೂರ ಸರಿದಿತ್ತು. ಅದರಿಂದ ಒಂದು ಲಾಭವಾಯಿತು. ಚಿಂಪಾಂಜಿ ಇಲ್ಲದ ಹುತ್ತವನ್ನು ನಿಧಾನವಾಗಿ ನೋಡಲು ಸಮಯ ಸಿಕ್ಕಿತು.

ಇಲ್ಲಿ ಚಿಂಪಾಂಜಿಗಳು ಹಿಡಿಯುವುದು ಮ್ಯಾಕ್ರೋಟರ್ಮಿಸ್ ಕುಲದ ಗೆದ್ದಲನ್ನು. ಹುತ್ತದೊಳಗೆ ಅಣಬೆ ಬೆಳೆದು ತಿನ್ನುವ ಜಾತಿ ಇದು. ಗೋಡೆ ಗಟ್ಟಿ ಮಣ್ಣು, ಕೈಯಿಂದ ಒಡೆಯಲು ಬರುವುದಿಲ್ಲ. ಒಳಗಿನ ದಾರಿಗಳು ಬೆರಳಿಗಿಂತ ಸಣ್ಣ, ನೇರವಾಗಿಲ್ಲ, ಒಂದೊಂದು ಗೇಣಿಗೂ ತಿರುಗುತ್ತವೆ. ಹೊರಗೆ ಬಂದು ಮುಟ್ಟುವ ಜಾಗಕ್ಕೆ ಕೆಲಸಗಾರ ಗೆದ್ದಲುಗಳು ತೆಳು ಮಣ್ಣಿನ ಬಿರಡೆ ಹಾಕಿರುತ್ತವೆ. ಹೊಸ ಬಿರಡೆಯ ಬಣ್ಣ ಸುತ್ತಲಿನ ಮಣ್ಣಿಗಿಂತ ಕೊಂಚ ಗಾಢ, ಮುಟ್ಟಿದರೆ ತೇವ. ಹೀಗೆ ಹೇಳುವುದು ಸುಲಭ, ಹುಡುಕುವುದು ಸುಲಭವಲ್ಲ. 1970ರ ದಶಕದಲ್ಲಿ ಗೀಜಾ ಟೆಲೆಕಿ ಎಂಬ ಮಾನವಶಾಸ್ತ್ರಜ್ಞ ಇಲ್ಲಿ ತಿಂಗಳುಗಟ್ಟಲೆ ಚಿಂಪಾಂಜಿಯ ಪಕ್ಕದಲ್ಲೇ ಕೂತು ಈ ಕೆಲಸ ಕಲಿಯಲು ಹೋದರು. ಕಣ್ಣಳತೆಯಲ್ಲಿ ದಾರಿಯ ಬಾಯಿ ಗುರುತಿಸುವುದೇ ಅವರಿಗೆ ಸಾಧ್ಯವಾಗಲಿಲ್ಲ. ಚಿಂಪಾಂಜಿ ಹುತ್ತವನ್ನು ಒಮ್ಮೆ ದಿಟ್ಟಿಸಿ ನೇರ ಆ ಜಾಗಕ್ಕೇ ಬೆರಳು ಹಾಕುತ್ತಿತ್ತು. ಕಡ್ಡಿ ಆರಿಸುವುದರಲ್ಲೂ, ಒಳಗೆ ಬಿಟ್ಟು ಆಡಿಸುವುದರಲ್ಲೂ ಅವರು ಮರಿ ಚಿಂಪಾಂಜಿಗಳ ಮಟ್ಟವನ್ನು ದಾಟಲಿಲ್ಲ. ಈ ವಿಷಯದ ಬಗ್ಗೆ ಮನುಷ್ಯರು ಬರೆದದ್ದರಲ್ಲಿ ಅತಿ ಉಪಯುಕ್ತವಾದದ್ದು ಆ ಸೋಲಿನ ವಿವರವೇ ಎಂಬುದು ನಮ್ಮ ಅಭಿಪ್ರಾಯ. ಕೌಶಲ ಕಡ್ಡಿಯಲ್ಲಿಲ್ಲ, ಕಡ್ಡಿ ಹಿಡಿಯುವ ಮೊದಲೇ ಅರ್ಧ ಮುಗಿದಿರುತ್ತದೆ ಎಂದು ಅದು ತೋರಿಸಿಕೊಟ್ಟಿತು.

ಹುತ್ತದ ಬುಡದಲ್ಲಿ ಹಳೆಯ ಕಡ್ಡಿಗಳು ಬಿದ್ದಿದ್ದವು. ಅವನ್ನು ಎತ್ತಬಾರದು, ಬಗ್ಗಿ ನೋಡಬಹುದು. ಹುಲ್ಲಿನ ದಂಟು, ಬಳ್ಳಿಯ ತುಂಡು, ಸಿಗಿದ ತೊಗಟೆಯ ಪಟ್ಟಿ, ಎಲೆ ಸವರಿದ ರೆಂಬೆ, ತಾಳೆ ಗರಿಯ ನಡುಕಡ್ಡಿ ಹೀಗೆ ಬಗೆಬಗೆಯವು. ಸಾಮಾನ್ಯವಾಗಿ ಗೇಣುದ್ದದಿಂದ ಮೊಳಕ್ಕಿಂತ ತುಸು ಉದ್ದದವರೆಗೆ. ಬಳಸಿದ ತುದಿ ಗುರುತಿಸುವುದು ಕಷ್ಟವಲ್ಲ, ಅಲ್ಲಿ ಮಣ್ಣು ಮೆತ್ತಿರುತ್ತದೆ, ನಾರು ಬಿಚ್ಚಿರುತ್ತದೆ, ಅಲ್ಲಲ್ಲಿ ಗೆದ್ದಲಿನ ಕಚ್ಚುಗುರುತು. ಎರಡೂ ತುದಿಯಲ್ಲಿ ಮಣ್ಣಿದ್ದರೆ ಒಂದು ತುದಿ ಹಾಳಾದ ಮೇಲೆ ತಿರುಗಿಸಿ ಬಳಸಿದೆ ಎಂದರ್ಥ.

ಯಾವ ಗಿಡದಿಂದ ಮುರಿದದ್ದು ಎಂಬುದನ್ನೂ ಪತ್ತೆ ಹಚ್ಚಬಹುದು. ಸುತ್ತಲಿನ ಗಿಡಗಳಲ್ಲಿ ಸುಲಿದ ಗಾಯ ಹುಡುಕಿದರಾಯಿತು. ಗೋಂಬೆಯಲ್ಲಿ ಈ ಗಾಯಗಳನ್ನೇ ಹಿಂಬಾಲಿಸಿದ ಸಂಶೋಧಕರು, ಚಿಂಪಾಂಜಿ ಬಳಸುವ ಮತ್ತು ಹತ್ತಿರದಲ್ಲೇ ಇದ್ದರೂ ಮುಟ್ಟದ ಗಿಡಗಳ ಬಾಗುವಿಕೆಯನ್ನು ಉಪಕರಣ ಹಿಡಿದು ಅಳೆದರು. 2025ರಲ್ಲಿ ಬಂದ ಆ ಫಲಿತಾಂಶದ ಪ್ರಕಾರ, ಮುಟ್ಟದ ಗಿಡಗಳು ಆರಿಸಿದವುಗಳಿಗಿಂತ 175 ಪ್ರತಿಶತ ಹೆಚ್ಚು ಬಿರುಸು. ಬಿರುಸು ಕಡ್ಡಿ ಮೊದಲ ತಿರುವಿಗೇ ನಿಂತು ಗೋಡೆ ಕೆರೆಯುತ್ತದೆ, ಮಣ್ಣು ಉದುರಿ ದಾರಿ ಮುಚ್ಚುತ್ತದೆ. ಬಾಗುವ ಕಡ್ಡಿ ತಿರುವಿನ ಜೊತೆ ತಿರುಗುತ್ತದೆ. ಗ್ರೀವಿಯಾ ಕುಲದ ಗಿಡಗಳ ಮೇಲೆ ಇವಕ್ಕೆ ವಿಶೇಷ ಒಲವು, ಇದೇ ಕುಲವನ್ನು ಸಾವಿರಾರು ಕಿಲೋಮೀಟರ್ ದೂರದ ಬೇರೆ ಚಿಂಪಾಂಜಿಗಳೂ ಬಳಸುತ್ತವೆ. ತೀರ ಮೆತ್ತಗಿದ್ದರೂ ಪ್ರಯೋಜನವಿಲ್ಲ, ತಳ್ಳಿದಾಗ ತೂತಿನ ಬಾಯಲ್ಲೇ ಮಡಿಚಿಕೊಳ್ಳುತ್ತದೆ.

ಮೂರನೇ ದಿನ: ಹುತ್ತದ ಮುಂದೆ ಒಂದು ತಾಸು

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಒಂದು ವಯಸ್ಕ ಹೆಣ್ಣು, ಅದರ ಮರಿ, ಜೊತೆಗೊಂದು ಬೆಳೆಯುವ ಹೆಣ್ಣು ಹುತ್ತದತ್ತ ಬಂದವು. ಹುತ್ತ ಇನ್ನೂ ಕಣ್ಣಿಗೆ ಬೀಳುವ ಮುಂಚೆಯೇ ವಯಸ್ಕ ಹೆಣ್ಣಿನ ಬಾಯಲ್ಲಿ ಎರಡು ಕಡ್ಡಿ ಇದ್ದವು. ಗೋಂಬೆಯಲ್ಲಿ ಇದು ಅಪರೂಪವಲ್ಲ. ಹುತ್ತ ಎಲ್ಲಿದೆ, ಅಲ್ಲಿ ಕಡ್ಡಿಗೆ ಗಿಡ ಇದೆಯೋ ಇಲ್ಲವೋ ಎಂಬುದು ಗೊತ್ತಿದ್ದೇ ಅವು ದಾರಿಯಲ್ಲೇ ಮುರಿದುಕೊಂಡು ಬರುತ್ತವೆ. ಕೆಲವೊಮ್ಮೆ ಹುತ್ತಕ್ಕೆ ಬಂದು ದಾರಿಯ ಬಾಯಿ ತೆರೆದು ನೋಡಿ, ಆಮೇಲೆ ಪಕ್ಕದ ಗಿಡದಿಂದ ಕಡ್ಡಿ ಮಾಡಿಕೊಳ್ಳುವುದೂ ಉಂಟು.

ಮೊದಲು ಹುತ್ತದ ಸುತ್ತ ಒಂದು ನೋಟ. ಮೂಗು ಹತ್ತಿರ ತಂದು ಮೂಸಿತು. ತೋರುಬೆರಳಿನ ಉಗುರಿನಿಂದ ಒಂದು ಜಾಗ ಕೆರೆಯಿತು, ಬಿರಡೆ ಕಿತ್ತುಬಂತು, ಕಡಲೆ ಕಾಳು ಹಿಡಿಯುವಷ್ಟು ತೂತು. ಆಗ ಕಡ್ಡಿಯ ಕೆಲಸ. ಎಡಗೈಯಲ್ಲಿ ಬುಡ ಹಿಡಿದು ತುದಿಯನ್ನು ತುಟಿಗೆ ತಾಗಿಸಿ, ಬಾಗಿದ್ದ ಒಂದಿಂಚನ್ನು ಕಚ್ಚಿ ಉಗುಳಿತು. ಮರಿಯೂ ಅಕ್ಕನಂಥ ಹೆಣ್ಣೂ ನೋಡುತ್ತಿರುವಂತೆಯೇ ಕಡ್ಡಿ ಒಳಗೆ ಹೋಯಿತು. ತಳ್ಳುವುದಲ್ಲ, ಎರಡು ಬೆರಳಿನ ನಡುವೆ ಅತ್ತಿತ್ತ ಹೊರಳಿಸುತ್ತ ಇಳಿಬಿಡುವುದು. ತಿರುವು ಸಿಕ್ಕಿದಲ್ಲಿ ಒಂದು ಕ್ಷಣ ನಿಲ್ಲಿಸಿ ಕಡ್ಡಿಯನ್ನು ತಿರುಗಿಸಿದರೆ ದಾರಿ ಬಿಡುತ್ತದೆ. ಮುಕ್ಕಾಲು ಭಾಗ ಒಳಹೋದ ಮೇಲೆ ಕೈ ನಿಂತಿತು. ಸಣ್ಣ ನಡುಕ, ಅಷ್ಟೇ.

ಒಳಗೆ ನಡೆಯುವುದು ಇಷ್ಟು: ದಾರಿಯಲ್ಲಿ ನುಸುಳಿದ ವಸ್ತುವಿನ ಮೇಲೆ ಸೈನಿಕ ಗೆದ್ದಲುಗಳು ಬಂದು ದವಡೆ ಕಚ್ಚಿ ಹಿಡಿಯುತ್ತವೆ. ಗೂಡು ಕಾಯುವ ಈ ಹಟವೇ ಅವಕ್ಕೆ ಮುಳುವು, ಕಚ್ಚಿದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಕಡ್ಡಿಗೆ ಸಿಗುವವು ಹೆಚ್ಚಾಗಿ ದೊಡ್ಡ ತಲೆಯ ಸೈನಿಕರೇ, ಕೆಲಸಗಾರರು ಕಡಿಮೆ. ಕಡ್ಡಿಯನ್ನು ಜೋರಾಗಿ ಆಡಿಸಿದರೆ ಹಿಡಿತ ಸಿಗುವುದಿಲ್ಲ, ಆಡಿಸದೇ ಬಿಟ್ಟರೆ ಕೆರಳಿ ಬರುವುದಿಲ್ಲ.

ಹೊರಗೆಳೆಯುವಾಗ ತಪ್ಪುಗಳಾಗುತ್ತವೆ. ಸರ್ರನೆ ಎಳೆದರೆ ತೂತಿನ ಅಂಚಿಗೆ ತಾಗಿ ಗೆದ್ದಲೆಲ್ಲ ಒಳಗೇ ಉದುರುತ್ತವೆ. ಓರೆಯಾಗಿ ಎಳೆದರೂ ಅದೇ ಗತಿ. ನುರಿತ ಚಿಂಪಾಂಜಿ ಕಡ್ಡಿಯನ್ನು ದಾರಿಯ ನೇರಕ್ಕೇ ಹಿಡಿದು, ಒಂದೇ ಹದದಲ್ಲಿ, ತಡೆಯಿಲ್ಲದೆ ತೆಗೆಯುತ್ತದೆ. ಹೊರಬಂದ ಕಡ್ಡಿಯ ತುದಿಯನ್ನು ಇನ್ನೊಂದು ಕೈಯ ಮಣಿಕಟ್ಟಿನ ಬೆನ್ನಿನ ಮೇಲೆ ಒರಗಿಸುತ್ತದೆ. ಬಾಗುವ ಕಡ್ಡಿ ತೂಗಾಡದಿರಲು ಈ ಆಸರೆ ಬೇಕೇಬೇಕು. ತುಟಿ ಮುಂದೆ ಚಾಚಿ ಕಡ್ಡಿಯುದ್ದಕ್ಕೂ ಎಳೆದುಕೊಂಡು ಹೋಗುತ್ತದೆ, ತಡಮಾಡದೆ ಹಲ್ಲಿಗೆ ಹಾಕಿ ಅರೆಯುತ್ತದೆ. ತಡಮಾಡಿದರೆ ಸೈನಿಕ ತುಟಿಯನ್ನೇ ಕಚ್ಚುತ್ತಾನೆ. ಮಣಿಕಟ್ಟಿನ ಕೂದಲಿಗೆ ಬಿದ್ದವನ್ನೂ ಬಾಯಿಂದಲೇ ಒರೆಸಿಕೊಳ್ಳುತ್ತದೆ.

ಒಂದು ಸಲಕ್ಕೆ ಕೆಲವೇ ಗೆದ್ದಲು. ಆದರೆ ಇಳಿಸಿ ತೆಗೆಯುವುದಕ್ಕೆ ಅರ್ಧ ನಿಮಿಷವೂ ಬೇಕಾಗದ್ದರಿಂದ ತಾಸುಗಟ್ಟಲೆ ನಡೆದರೆ ಒಳ್ಳೆಯ ಊಟವೇ: ಕೊಬ್ಬು, ಪ್ರೋಟೀನು, ಜೊತೆಗೆ ಹಣ್ಣಿನಲ್ಲಿ ಸುಲಭಕ್ಕೆ ಸಿಗದ ಖನಿಜ. ತುದಿ ನಾರುನಾರಾದಾಗ ಕಚ್ಚಿ ತುಂಡರಿಸಿತು. ಮತ್ತೆ ಹಾಳಾದಾಗ ಕಡ್ಡಿ ತಿರುಗಿಸಿತು. ಕೊನೆಗೆ ಅದು ತುಂಡು ಉಳಿದಾಗ ಎಸೆದು, ತೊಡೆಯ ಸಂದಿಯಲ್ಲಿ ಇಟ್ಟುಕೊಂಡಿದ್ದ ಎರಡನೆಯದನ್ನು ಎತ್ತಿಕೊಂಡಿತು. ಗೆದ್ದಲು ಬರುವುದು ನಿಂತರೆ ಅದೇ ತೂತಿನ ಮುಂದೆ ಕೂರುವುದಿಲ್ಲ. ಒಳಗಿನವರು ಅಷ್ಟರಲ್ಲಿ ದಾರಿ ಮುಚ್ಚಿರುತ್ತಾರೆ, ಪಕ್ಕದ ಬಿರಡೆ ಕೆರೆಯಬೇಕು.

ಗೋಂಬೆಯ ಚಿಂಪಾಂಜಿಗಳಿಗೆ ಈ ಕೆಲಸದಲ್ಲಿ ಒಟ್ಟಾರೆ ಎಡಗೈ ಒಲವು. ಪಶ್ಚಿಮ ಆಫ್ರಿಕದಲ್ಲಿ ಕಲ್ಲಿನಿಂದ ಕಾಯಿ ಒಡೆಯುವವು ಬಲಗೈ ಕಡೆ ವಾಲುತ್ತವೆ. ಕೆಲಸ ಬದಲಾದರೆ ಕೈಯೂ ಬದಲಾಗುತ್ತದೆ ಎಂಬುದು ನಿಜಕ್ಕೂ ಅಚ್ಚರಿಯ ಸಂಗತಿ.

ಇದೇ ಕಣಿವೆಗಳಲ್ಲಿ 1960ರ ಜುಲೈ 14ರಂದು ಚಿಂಪಾಂಜಿಗಳನ್ನು ಅಧ್ಯಯನ ಮಾಡಲು ಬ್ರಿಟಿಷ್ ಸಂಶೋಧಕಿ ಜೇನ್ ಗುಡಾಲ್ ಬಂದಿಳಿದರು. ಅದೇ ವರ್ಷದ ನವೆಂಬರಿನಲ್ಲಿ, ತಾವೇ ಡೇವಿಡ್ ಗ್ರೇಬಿಯರ್ಡ್ ಎಂದು ಹೆಸರಿಟ್ಟಿದ್ದ ಗಂಡೊಂದು ಹುಲ್ಲಿನ ದಂಟಿನಿಂದ ಗೆದ್ದಲು ತೆಗೆಯುವುದನ್ನು ಕಂಡರು. ಚಿಂಪಾಂಜಿ ಕಲ್ಲಿನಿಂದ ಕಾಯಿ ಒಡೆಯುತ್ತದೆಂಬ ವರದಿ 19ನೇ ಶತಮಾನದಲ್ಲೇ ಲೈಬೀರಿಯಾದಿಂದ ಬಂದಿತ್ತು. ಗೋಂಬೆಯಲ್ಲಿ ಹೊಸತಾಗಿದ್ದು ಬೇರೆ. ರೆಂಬೆ ಮುರಿದು, ಎಲೆ ಸವರಿ, ಬೇಕಾದ ಆಕಾರಕ್ಕೆ ತಂದು ಬಳಸುವುದು, ಅಂದರೆ ಉಪಕರಣವನ್ನು ತಯಾರಿಸುವುದು, ಕಣ್ಣೆದುರು ದಾಖಲಾಯಿತು. ಉಪಕರಣ ಮಾಡುವವನೇ ಮನುಷ್ಯ ಎಂಬ ಅಂದಿನ ವ್ಯಾಖ್ಯೆಗೆ ಪೆಟ್ಟು ಬಿದ್ದದ್ದು ಎಲೆ ಸವರಿದ ಆ ರೆಂಬೆಯಿಂದ.

ನಾಲ್ಕನೇ ದಿನ: ತಾಯಿಯ ಮಗ್ಗುಲಲ್ಲಿ

ಹಿಂದಿನ ದಿನದ ಹುತ್ತಕ್ಕೇ ಅದೇ ತಾಯಿ ಮತ್ತೆ ಬಂತು. ಈ ಸಲ ನೋಡಬೇಕಾದದ್ದು ಮರಿಯನ್ನು.

ಮರಿ ತಾಯಿಯ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಕೂತು ಕಡ್ಡಿ ಒಳಹೋಗುವುದನ್ನೇ ನೋಡುತ್ತದೆ. ಕಡ್ಡಿಯಿಂದ ಒಂದೆರಡು ಗೆದ್ದಲು ಕದಿಯುತ್ತದೆ. ತಾಯಿ ಎಸೆದ ತುಂಡನ್ನು ಎತ್ತಿ, ತೂತೇ ಇಲ್ಲದ ಗೋಡೆಗೆ ಚುಚ್ಚುತ್ತದೆ. ತೂತಿಗೆ ಹಾಕಿದಾಗಲೂ ಕಡ್ಡಿ ತೀರ ಚಿಕ್ಕದು, ಇಲ್ಲವೇ ದಪ್ಪ. ಸರಿಯಾದ ಕಡ್ಡಿ ಸಿಕ್ಕಿದರೂ ತಕ್ಷಣ ಎಳೆದುಬಿಡುತ್ತದೆ, ಗೆದ್ದಲಿಗೆ ಕಚ್ಚಲು ಪುರುಸೊತ್ತೇ ಇಲ್ಲ. ತೂತು ಹುಡುಕುವುದು, ಕಡ್ಡಿ ಮಾಡುವುದು, ಇಳಿಸುವುದು, ಉದುರಿಸದೆ ತೆಗೆಯುವುದು ಒಂದೊಂದೂ ಬೇರೆ ಬೇರೆ ವಯಸ್ಸಿಗೆ ಕೈಗೂಡುತ್ತವೆ. ಎಲ್ಲವೂ ಸೇರಿ ಪೂರ್ತಿ ಬರುವ ಹೊತ್ತಿಗೆ ಐದೂವರೆ ವರ್ಷದ ಆಸುಪಾಸು.

ಹೆಣ್ಣುಮರಿ ಮತ್ತು ಗಂಡುಮರಿಯ ನಡುವೆ ಇಲ್ಲಿ ಎದ್ದು ಕಾಣುವ ವ್ಯತ್ಯಾಸವಿದೆ. ಎಲಿಜಬೆತ್ ಲಾನ್ಸ್‌ಡಾರ್ಫ್ ಮತ್ತು ಸಂಗಡಿಗರು ಗೋಂಬೆಯಲ್ಲಿ ವರ್ಷಗಟ್ಟಲೆ ವಿಡಿಯೊ ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಣ್ಣುಮರಿಗಳು ಸರಾಸರಿ 31 ತಿಂಗಳಿಗೆ ಗೆದ್ದಲು ಹಿಡಿಯತೊಡಗಿದರೆ ಗಂಡುಮರಿಗಳು 58 ತಿಂಗಳಿಗೆ. ಹೆಣ್ಣುಮರಿ ತಾಯಿಯನ್ನು ಹೆಚ್ಚು ಹೊತ್ತು ನೋಡುತ್ತದೆ, ಗಂಡುಮರಿ ಹುತ್ತದ ಪಕ್ಕದಲ್ಲಿ ಜೋತಾಡುತ್ತ, ಉರುಳಾಡುತ್ತ ಆಟದಲ್ಲಿರುತ್ತದೆ. ತಾಯಿ ಕಡ್ಡಿಯನ್ನು ಎಷ್ಟು ಆಳಕ್ಕೆ ಇಳಿಸುತ್ತಾಳೋ ಮಗಳೂ ಅಷ್ಟೇ ಆಳಕ್ಕೆ ಇಳಿಸುತ್ತಾಳೆ, ಮಗನಿಗೆ ಆ ಹೋಲಿಕೆ ಇಲ್ಲ. ದೊಡ್ಡವರಾದ ಮೇಲೂ ಹುತ್ತದ ಮುಂದೆ ಹೆಚ್ಚು ಕಾಲ ಕಳೆಯುವುದು ಹೆಣ್ಣುಗಳೇ. ಗಂಡುಗಳು ಬೇಟೆಯ ಮಾಂಸಕ್ಕೆ ಹೋಗುತ್ತವೆ, ಮರಿ ಹೊತ್ತ ಹೆಣ್ಣಿಗೆ ಹುತ್ತ ಹೆಚ್ಚು ನಂಬಿಕಸ್ತ.

ಗೋಂಬೆಯ ತಾಯಂದಿರು ಮರಿಗೆ ಕಡ್ಡಿ ಕೊಡುವುದು ಕಡಿಮೆ. ಕಾಂಗೊ ಗಣರಾಜ್ಯದ ನುವಾಬಾಲೆ-ನ್ಡೋಕಿ ಉದ್ಯಾನದ ಗುವಾಲೂಗೊ ಪ್ರದೇಶದಲ್ಲಿ ಹಾಗಲ್ಲ. ಅಲ್ಲಿ ಮರಿ ಕೈ ಚಾಚಿದರೆ ತಾಯಿ ತನ್ನ ಕಡ್ಡಿಯನ್ನೇ ಬಿಟ್ಟುಕೊಡುತ್ತದೆ. ಒಂದು ಕಡ್ಡಿಯನ್ನು ಉದ್ದಕ್ಕೆ ಎರಡಾಗಿ ಸೀಳಿ ಒಂದು ಸೀಳು ಮರಿಗೆ, ಒಂದು ತನಗೆ ಎಂದು ಇಟ್ಟುಕೊಳ್ಳುವುದೂ ದಾಖಲಾಗಿದೆ. ಕೊಡುವುದರಿಂದ ತಾಯಿಗೆ ಸಿಗುವ ಗೆದ್ದಲು ಕಡಿಮೆಯಾಗುತ್ತದೆ, ಮರಿಗೆ ಹೆಚ್ಚಾಗುತ್ತದೆ. ಇದನ್ನು ಕಲಿಸುವುದು ಎಂದು ಕರೆಯಲು ಸಂಶೋಧಕರು ಹಿಂಜರಿಯಲಿಲ್ಲ, ಹಿಂಜರಿಯಬೇಕಾಗಿಯೂ ಇಲ್ಲ.

ಐದನೇ ದಿನ: ಮಳೆ

ರಾತ್ರಿ ಸುರಿದ ಮಳೆ ಬೆಳಿಗ್ಗೆಯೂ ಬಿಡಲಿಲ್ಲ. ಕಾಲುದಾರಿಯ ಕೆಂಪು ಮಣ್ಣು ಜಾರುತ್ತಿತ್ತು, ಬೆಟ್ಟ ಹತ್ತುವುದು ಮಧ್ಯಾಹ್ನಕ್ಕೆ ಹೋಯಿತು. ಕಾಯುವ ಹೊತ್ತಿನಲ್ಲಿ ಬೇರೆ ಕಾಡುಗಳ ಮಾತು.

ಗುವಾಲೂಗೊದಲ್ಲಿ ಒಂದೇ ಕಡ್ಡಿ ಸಾಲದು. ಅಲ್ಲಿ ಹಲವು ಗೂಡುಗಳು ನೆಲದಡಿಯಲ್ಲಿವೆ, ಮೇಲೆ ಹುತ್ತವೇ ಕಾಣುವುದಿಲ್ಲ. ಚಿಂಪಾಂಜಿ ಮೊದಲು ಗಟ್ಟಿಯಾದ, ನೇರವಾದ ಕೋಲು ತರುತ್ತದೆ. ಎರಡೂ ಕೈಯಲ್ಲಿ ಹಿಡಿದು, ಗುದ್ದಲಿಯ ಮೇಲೆ ಕಾಲಿಟ್ಟಂತೆ ಪಾದದಿಂದ ಒತ್ತಿ ನೆಲಕ್ಕೆ ಇಳಿಸುತ್ತದೆ. ಕೋಲು ತೆಗೆದು ತುದಿ ಮೂಸುತ್ತದೆ, ಗೂಡಿಗೆ ತಾಗಿದೆಯೋ ಎಂದು ತಿಳಿಯುವುದು ವಾಸನೆಯಿಂದ. ತಾಗಿದ್ದರೆ ಆ ತೂತಿಗೆ ಎರಡನೆಯ ಉಪಕರಣ. ಅದು ಮರಾಂಟೇಸಿ ಕುಟುಂಬದ ಗಿಡದ ಬಾಗುವ ದಂಟು, ತುದಿಯನ್ನು ಹಲ್ಲಿನ ನಡುವೆ ಎಳೆದು ಎಳೆದು ಕುಂಚ ಮಾಡಿದ್ದು. ಬೋಳು ತುದಿಗಿಂತ ಕುಂಚಕ್ಕೆ ಹೆಚ್ಚು ಗೆದ್ದಲು ಕಚ್ಚುತ್ತವೆ, ಕಚ್ಚಲು ಎಳೆಗಳು ಹೆಚ್ಚು. ಒಳಗೆ ಬಿಡುವ ಮೊದಲು ಎಂಜಲಲ್ಲಿ ಒದ್ದೆ ಮಾಡಿ ಎಳೆಗಳನ್ನು ಒಟ್ಟುಗೂಡಿಸುತ್ತದೆ, ಇಲ್ಲದಿದ್ದರೆ ತೂತಿನ ಬಾಯಲ್ಲೇ ಮಡಿಚಿಕೊಳ್ಳುತ್ತದೆ. ಇಷ್ಟು ಹಂತಗಳಿರುವಲ್ಲಿ ತಾಯಿ ಹೆಚ್ಚು ಕೊಡುವುದು ಅರ್ಥವಾಗುವಂಥದ್ದೇ.

ಕೂರುವ ಭಂಗಿಯೂ ಒಂದೇ ಅಲ್ಲ. ಕಾಡಿನಲ್ಲಿಟ್ಟ, ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳಿಂದ ಹತ್ತು ಸಮುದಾಯಗಳನ್ನು ಹೋಲಿಸಿದ 2020ರ ಅಧ್ಯಯನದಲ್ಲಿ, ಗುವಾಲೂಗೊದವು ಕೂತು ಹಿಡಿಯುತ್ತವೆ, ಕ್ಯಾಮೆರೂನಿನ ಕೊರೂಪ್‌ನವು ಮೊಣಕೈ ಊರಿ, ಗ್ಯಾಬನ್ನಿನ ವೊಂಗಾ ವೊಂಗೆಯವು ಮಗ್ಗುಲಾಗಿ ಮಲಗಿ. ಒಂದೇ ಜಾತಿ, ಒಂದೇ ಬಗೆಯ ಆಹಾರ, ರೂಢಿ ಮಾತ್ರ ಬೇರೆ. ಒಂದು ಸಮುದಾಯ ಅಳಿದರೆ ಅದರ ರೂಢಿಯನ್ನು ಬೇರೆ ಕಡೆಯಿಂದ ತಂದು ತುಂಬಿಸಲು ಆಗುವುದಿಲ್ಲ ಎಂಬ ಕಳವಳ ಇಲ್ಲಿಂದಲೇ ಹುಟ್ಟುತ್ತದೆ.

ಮಧ್ಯಾಹ್ನ ಮಳೆ ನಿಂತ ಮೇಲೆ ಹುತ್ತದಿಂದ ರೆಕ್ಕೆ ಹುಳುಗಳು ಏಳತೊಡಗಿದವು. ಗೆದ್ದಲಿನ ಹೊಸ ರಾಜ ರಾಣಿಯರು ಗೂಡು ಬಿಟ್ಟು ಹಾರುವ ಹೊತ್ತು ಇದು. ಬಬೂನುಗಳು ಅದಾಗಲೇ ಹುತ್ತ ಮುತ್ತಿದ್ದವು, ಎರಡೂ ಕೈಯಲ್ಲಿ ಬಾಚಿ ಬಾಯಿಗೆ ಹಾಕುತ್ತಿದ್ದವು. ಹಾರಾಟ ಮುಗಿದರೆ ಬಬೂನಿಗೆ ಆ ಹುತ್ತ ಬರೀ ಮಣ್ಣಿನ ಗುಡ್ಡೆ, ಕಡ್ಡಿ ಬಳಸುವುದು ಅದಕ್ಕೆ ತಿಳಿಯದು. ಆದರೆ ಹಾರಾಟಕ್ಕೆ ವಾರಗಳ ಮುಂಚೆಯೇ ಕೆಲಸಗಾರ ಗೆದ್ದಲುಗಳು ದಾರಿಗಳನ್ನು ಮೇಲ್ಮೈವರೆಗೆ ತಂದು ಬಿರಡೆ ಹಾಕಿ ಇಟ್ಟಿರುತ್ತವೆ. ಚಿಂಪಾಂಜಿ ಬಳಸಿಕೊಳ್ಳುವುದು ಆ ವಾರಗಳನ್ನು. ಕಡ್ಡಿ ಅದಕ್ಕೆ ಕೊಟ್ಟ ದೊಡ್ಡ ಲಾಭವೆಂದರೆ ಈ ಹೆಚ್ಚುವರಿ ಕಾಲ.

ಇಳಿಯುವಾಗ ದಾರಿಗಡ್ಡ ಸಫಾರಿ ಇರುವೆಗಳ ಸಾಲು ಸಿಕ್ಕಿತು. ಗೋಂಬೆಯಲ್ಲಿ ಇವನ್ನೂ ಉಪಕರಣದಿಂದಲೇ ಹಿಡಿಯುತ್ತವೆ, ಆದರೆ ಗೆದ್ದಲಿನ ಕಡ್ಡಿಯಿಂದಲ್ಲ. ಉದ್ದನೆಯ, ನೇರ, ತೊಗಟೆ ಸುಲಿದ ನಯವಾದ ಕೋಲು ಬೇಕು. ಈ ಇರುವೆಗಳು ಕೋಲು ಹತ್ತಿ ಕೈಯತ್ತ ಓಡಿಬರುತ್ತವೆ, ಆದ್ದರಿಂದ ದೂರವೂ ವೇಗವೂ ಮುಖ್ಯ. ಅವು ಅರ್ಧ ಏರುವಷ್ಟರಲ್ಲಿ ಚಿಂಪಾಂಜಿ ಇನ್ನೊಂದು ಕೈಯಿಂದ ಕೋಲನ್ನು ಒಮ್ಮೆಲೇ ಸವರಿ ಮುದ್ದೆಯಾಗಿ ಬಾಯಿಗೆ ತುಂಬಿಕೊಳ್ಳುತ್ತದೆ. ಕಾಲ್ಚೀಲದೊಳಗೆ ಪ್ಯಾಂಟು ಸಿಕ್ಕಿಸಿಕೊಂಡವರು ಮಾತ್ರ ಈ ಸಾಲಿನ ಹತ್ತಿರ ನಿಲ್ಲಬೇಕು.

ಹೊರಡುವ ದಿನ

ಬೆಳಿಗ್ಗೆ ದೋಣಿ. ಸಾರ್ವಜನಿಕ ದೋಣಿಗಳು ಉತ್ತರದ ಹಳ್ಳಿಗಳಿಂದ ಕಿಗೋಮಾ ಕಡೆಗೆ ಬೇಗನೆ ಹಾದುಹೋಗುತ್ತವೆ, ದಡದಲ್ಲಿ ಸಿದ್ಧವಾಗಿ ಕೂತಿರಬೇಕು.

ಯಾವಾಗ ಹೋಗಬೇಕು ಎಂಬುದು ಏನು ನೋಡಬೇಕು ಎಂಬುದರ ಮೇಲೆ ನಿಂತಿದೆ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಒಣ ತಿಂಗಳುಗಳಲ್ಲಿ ದಾರಿ ಜಾರುವುದಿಲ್ಲ. ಆದರೆ ಆಗ ಹುತ್ತದ ಮಣ್ಣು ಒಣಗಿ ಬಿಗಿದಿರುತ್ತದೆ, ದಾರಿಗಳು ಮೇಲ್ಮೈಗೆ ಬಂದಿರುವುದಿಲ್ಲ, ಗೆದ್ದಲು ಹಿಡಿಯುವುದು ಕಂಡರೂ ಅಲ್ಪಸ್ವಲ್ಪ. ಹುತ್ತದ ಮುಂದೆ ಕೂತ ತಾಯಿ ಮತ್ತು ಮರಿಯನ್ನೇ ನೋಡಬೇಕೆಂದಿದ್ದರೆ ಮೊದಲ ಮಳೆಯ ತಿಂಗಳುಗಳು, ಅಂದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ಕಾಲ ಸೂಕ್ತ. ಒಂದೇ ದಿನ ಇದ್ದು ಹೋಗುವ ಲೆಕ್ಕ ಬೇಡ. ಚಿಂಪಾಂಜಿ ಸಿಗದ ದಿನ ಒಂದು, ಸಿಕ್ಕರೂ ಮರದ ಮೇಲೆ ಹಣ್ಣು ತಿನ್ನುತ್ತಲೇ ಕಳೆಯುವ ದಿನ ಇನ್ನೊಂದು ಎಂದು ಎಣಿಸಿ, ಮಳೆಗೂ ಒಂದನ್ನು ಮೀಸಲಿಡಬೇಕು. ಗಟ್ಟಿ ಹಿಡಿತದ ಬೂಟು, ಮಳೆ ಅಂಗಿ, ಒಂದಕ್ಕಿಂತ ಹೆಚ್ಚು ಮಾಸ್ಕ್, ಹತ್ತು ಮೀಟರ್ ದೂರದಿಂದ ಕಡ್ಡಿಯ ತುದಿ ಕಾಣಲು ಒಂದು ದುರ್ಬೀನು ಜೊತೆಗಿರಲಿ. ಫ್ಲ್ಯಾಶ್ ಬೇಡ. ಹುತ್ತದ ಹತ್ತಿರ ಬಿದ್ದ ಕಡ್ಡಿಗಳನ್ನು ಇದ್ದಲ್ಲೇ ಬಿಡಬೇಕು, ಅವು ಸಂಶೋಧಕರ ಲೆಕ್ಕಕ್ಕೂ ಬೇಕು, ಎತ್ತಿಕೊಂಡು ಕಲಿಯುವ ಮರಿಗಳಿಗೂ ಬೇಕು.